ಗ್ರಾಫಿಕ್ಸ್ ಕಾರ್ಡಿಗೆ ಎಳೆ ಕೆಚ್ಚಿದ ಮನೋಹರ

ಎರಡು ಸಾವಿರ ಎಳೆಯ ಹಾಸನ್ನು ಕೂತಲ್ಲೇ ಕೆಚ್ಚಿ ಏಳುವ ತನ್ನಂಥವನಿಗೆ ಕಂಪ್ಯೂಟರಿನ ಎಂಟು ಪಿನ್ನು ಯಾವ ಗಿಡದ ತಪ್ಪಲು ಎಂದು ಬೆಟಗೇರಿಯ ನೇಕಾರ ಮನೋಹರ ಬೆಳಿಗ್ಗೆಯೇ ತೀರ್ಮಾನಿಸಿದ್ದ. ಮಗ್ಗದ ಉದ್ದೆಳೆಗಳೇ ಹಾಸು; ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವುದಕ್ಕೆ ಮಗ್ಗದವರು ಕೆಚ್ಚುವುದು ಎನ್ನುತ್ತಾರೆ. ಆ ಕೆಲಸದಲ್ಲಿ ಅವನ ಬೆರಳಿಗೆ ಓಣಿಯಲ್ಲೆಲ್ಲ ಹೆಸರಿತ್ತು.

ಅಂದು ಮಧ್ಯಾಹ್ನ ಶಿರಹಟ್ಟಿಯ ಬಟ್ಟೆ ವ್ಯಾಪಾರಿ ದೇವೇಂದ್ರಪ್ಪ ಬರುವವರಿದ್ದರು. ಮನೋಹರನ ಹೆಂಡತಿ ಕಲ್ಪನಾ ನಾಲ್ಕು ದಿನ ಕೂತು ಕಂಪ್ಯೂಟರಿನಲ್ಲಿ ಹೊಸ ಸೆರಗು ಬಿಡಿಸಿದ್ದಳು. ಅದು ಒಪ್ಪಿಗೆಯಾದರೆ ನಲವತ್ತು ಸೀರೆಯ ಕೆಲಸ. ಇಲ್ಲವಾದರೆ ದೇವೇಂದ್ರಪ್ಪ ಮುಂದಿನ ಓಣಿಗೆ ನಡೆಯುತ್ತಾರೆ. ಬರೀ ಚಿತ್ರ ತೋರಿಸಿದರೆ ಏನು ಶೋಭೆ? ಪರದೆಯ ಮೇಲೆ ಹೆಣ್ಣೊಬ್ಬಳು ಆ ಸೀರೆಯುಟ್ಟು ತಿರುಗಬೇಕು ಎಂಬುದು ಮನೋಹರನ ಹಟ. ಅದಕ್ಕೆಂದೇ ಗದಗಿಗೆ ಹೋಗಿ ಯಾರೋ ಬಳಸಿ ಬಿಟ್ಟ, ಬಿಸಿಯಾಗದಿರಲೆಂದು ಎರಡು ಪುಟ್ಟ ಫ್ಯಾನ್ ಹೊತ್ತ ಗ್ರಾಫಿಕ್ಸ್ ಕಾರ್ಡು ಕೊಂಡ. ಕಾರ್ಡಿಗೆ ಎಂಟು ಪಿನ್ನಿನ ಕರೆಂಟು ಬೇಕಿತ್ತು. ಮನೆಯ ಹಳೆಯ ಪವರ್ ಸಪ್ಲೈ ಅಂಥ ತುದಿಯನ್ನು ಜನ್ಮದಲ್ಲಿ ಕಂಡಿರಲಿಲ್ಲ.

"ನಿಮ್ಮ ಪವರ್ ಸಪ್ಲೈ ಎಷ್ಟರದು ಐತಿ ಅಣ್ಣಾ?" ಎಂದು ಅಂಗಡಿಯ ಮೊಹಸಿನ ಕೇಳಿದ.

"ಹಳೇ ಮಾಲು. ಭಾಳ ವಜ್ಜಿ ಐತಿ."

"ತೂಕ ಅಲ್ರಿ, ವ್ಯಾಟ್ ಕೇಳಿದೆ."

"ನೀ ಅಡಾಪ್ಟರ್ ಕೊಡೋ ತಮ್ಮಾ. ಕೆಚ್ಚೋದು ನನಗ ಬಿಡು."

ಮೊಹಸಿನ ಎರಡು ಅಡಾಪ್ಟರ್ ಕೊಟ್ಟ. ನಾಲ್ಕು ಪಿನ್ನಿನ ಎರಡು ತುದಿಗಳನ್ನು ಕೂಡಿಸಿ ಆರು ಮಾಡುವುದು ಒಂದು. ಆರನ್ನು ಎಂಟು ಮಾಡುವುದು ಇನ್ನೊಂದು. ನಾಲ್ಕು ನಾಲ್ಕು ಸೇರಿ ಆರು ಹೇಗಾಯಿತು, ಆ ಆರು ಮತ್ತೆ ಎಂಟು ಹೇಗಾಯಿತು ಎಂಬುದು ಮನೆ ಮುಟ್ಟುವವರೆಗೂ ಮನೋಹರನಿಗೆ ಬಗೆಹರಿಯಲಿಲ್ಲ.

ಕಂಪ್ಯೂಟರ್ ಬಿಚ್ಚಿದರೆ ನಾಲ್ಕು ಪಿನ್ನಿನ ಎರಡು ತುದಿ ಬೇಕಾದಲ್ಲಿ ಖಾಲಿ ಇದ್ದದ್ದು ಒಂದೇ. ಹಾಸಿನಲ್ಲಿ ಎಳೆ ಹರಿದರೆ ನೇಕಾರ ಚಿಂತಿಸುತ್ತ ಕೂಡುವುದಿಲ್ಲ; ಕೈಗೆ ಸಿಕ್ಕ ಎಳೆ ಕೆಚ್ಚಿ ಲಾಳಿ ಓಡಿಸುತ್ತಾನೆ. ಮನೋಹರ ಮೂಲೆಯಲ್ಲಿ ಸದ್ದಿಲ್ಲದೆ ಕೂತಿದ್ದ ಡಬ್ಬಿಯೊಂದರ ತುದಿ ಕಿತ್ತು ಕಾರ್ಡಿಗೆ ಕೊಟ್ಟ. ಸ್ವಿಚ್ ಹಾಕಿದ. ಕಾರ್ಡಿನ ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೆ. ಅದರ ಮೇಲೆ ಇಂಗ್ಲಿಷಿನ ಒಂದು ಸಾಲು.

"ಏನಂತೈತ್ರಿ?" ಕಲ್ಪನಾ ಬಂದು ನಿಂತಳು.

"ಡಿಸ್ಕ್ ಸಿಗವಲ್ದಂತ."

"ಎಲ್ಲಿ ಹೋತು?"

"ಎಲ್ಲೂ ಹೋಗಿಲ್ಲ, ಇಲ್ಲೇ ಐತಿ. ಅದಕ್ಕ ಯಾಕೋ ಕಾಣವಲ್ದು."

ಕಲ್ಪನಾ ಬಗ್ಗಿ ನೋಡಿದಳು. "ಈ ಡಬ್ಬಿ ವಾಯರ್ ಎಲ್ರಿ?"

"ಕಾರ್ಡಿಗೆ ಹಾಕೇನಿ. ಅದು ಸುಮ್ನ ಕುಂತಿತ್ತು."

"ಸುಮ್ನ ಕುಂತಿದ್ದಿಲ್ಲ. ನನ್ನ ನಾಕು ದಿನದ ಸೆರಗು ಇಟ್ಕೊಂಡು ಕುಂತಿತ್ತು."

ಡಬ್ಬಿಯ ಎಳೆ ಡಬ್ಬಿಗೆ ಮರಳಿತು. ಕಾರ್ಡಿಗೆ ಸಿ.ಡಿ. ಡ್ರೈವಿನ ತುದಿ ಬಂತು. ಅಷ್ಟರಲ್ಲಿ ದೇವೇಂದ್ರಪ್ಪ ಬಂದು ಕುರ್ಚಿಯಲ್ಲಿ ಕೂತರು. ಪರದೆಯ ಮೇಲೆ ಸೀರೆಯುಟ್ಟವಳು ಮೂಡಿದಳು, ನಿಧಾನ ತಿರುಗತೊಡಗಿದಳು. ಸೆರಗು ಕಾಣಬೇಕು ಎನ್ನುವಷ್ಟರಲ್ಲಿ ಇಡೀ ಕಂಪ್ಯೂಟರ್ ಟಪ್ಪೆಂದು ಆರಿತು.

"ಎಲ್ಲಿ ಹೋದಳೋ?" ಎಂದರು ದೇವೇಂದ್ರಪ್ಪ.

ಮತ್ತೆ ಹಚ್ಚಿದ. ಅವಳು ಮತ್ತೆ ಅರ್ಧ ತಿರುಗಿ ಮಾಯವಾದಳು. ಕೆಚ್ಚಿದ ಒಂದು ಗಂಟೂ ಬಿಚ್ಚಿರಲಿಲ್ಲ. ಮನೋಹರ ಮುಟ್ಟಿ ಮುಟ್ಟಿ ನೋಡಿದ. ಸಾಲದೆ ಹೋದದ್ದು ಗಂಟಲ್ಲ, ಮೊಹಸಿನ ಕೇಳಿದ್ದ ವ್ಯಾಟ್. ಮೂರನೇ ಸಲ ದೇವೇಂದ್ರಪ್ಪ ಚಪ್ಪಲಿಯ ಕಡೆ ನೋಡಿದರು.

"ಸರೀರಿ ಅತ್ತಾಗ," ಎಂದು ಕಲ್ಪನಾ ಸ್ವಿಚ್ ಆರಿಸಿ, ಕಾರ್ಡನ್ನು ಅಡಾಪ್ಟರುಗಳ ಸಮೇತ ಕಿತ್ತು ಗಂಡನ ತೊಡೆಯ ಮೇಲಿಟ್ಟಳು. ಪರದೆಯ ವಾಯರನ್ನು ಮೊದಲಿನ ಜಾಗಕ್ಕೇ ಸಿಕ್ಕಿಸಿ ಹಚ್ಚಿದಳು. ಸೆರಗು ತಿರುಗಲಿಲ್ಲ, ಆರಲೂ ಇಲ್ಲ. ದೇವೇಂದ್ರಪ್ಪ ಕನ್ನಡಕ ಏರಿಸಿ ಅಂಚಿನಿಂದ ಅಂಚಿಗೆ ನೋಡಿದರು.

"ಛಲೋ ಬಂದೈತವ್ವಾ. ನಲವತ್ತೂ ಇದನ್ನ ನೇಯ್ರಿ."

ಏಳುವಾಗ ಅವರ ಕಣ್ಣು ಮನೋಹರನ ತೊಡೆಯ ಮೇಲೆ ಬಿತ್ತು. "ಇದೇನೋ ಮನೋಹರಪ್ಪಾ, ಎರಡೆರಡು ಫ್ಯಾನ್ ಅದಾವ?"

ಮನೋಹರ ಬಾಯಿ ತೆರೆಯುವ ಮೊದಲೇ ಕಲ್ಪನಾ ಹೇಳಿದಳು: "ನಮ್ಮ ಮನಿಯವರಿಗೆ ಸೆಕಿ ಭಾಳರಿ. ಮುಂಜಾನೆ ಗದಗಿಗೆ ಹೋಗಿ ತಂದಾರ."

ದೇವೇಂದ್ರಪ್ಪ ಮತ್ತೆ ಕುರ್ಚಿಗೆ ಒರಗಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿದರು.

"ಖರೆ, ಸೆಕಿ ಐತಿ. ಹಚ್ಚು ಮತ್ತ, ನಮಗೂ ಒಂಚೂರು ಗಾಳಿ ಬರಲಿ."