ಶೇಕಡಾ ಐದು ಮತ್ತು ಒಂದು ಚಿಟಿಕೆ

ಕುಮಟಾದ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಉತ್ತರ ತಪ್ಪಾದರೆ ಅದು ಲೆಕ್ಕದ ತಪ್ಪಲ್ಲ, ಮಾಡಿದವರ ತಪ್ಪು ಎಂದು ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇನೆ. ಆದರೆ ಲೆಕ್ಕ ಸರಿಯಾಗಿದ್ದೂ ಹೆಂಡತಿಯ ಮುಖ ಮುರುಗಲ ಹಣ್ಣಿನಂತೆ ಕೆಂಪಾದರೆ ಯಾರನ್ನು ದೂರಬೇಕು ಎಂಬುದು ಪಠ್ಯಪುಸ್ತಕದಲ್ಲಿಲ್ಲ. ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನನ್ನ ಹೆಂಡತಿ ನೇತ್ರಾಳ ಕೆನ್ನೆಗಳ ಮೇಲೆ ಬಂಗು ಕಾಣಿಸಿಕೊಂಡು ಆರು ವರ್ಷವಾಯಿತು. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದೆಂದರೆ, ಆ ಆರು ವರ್ಷದ ಯಾವ ಫೋಟೋದಲ್ಲೂ ಅವಳಿಲ್ಲ. ಎಲ್ಲಿ ಹೋದರೂ ನೀವೆಲ್ಲ ನಿಲ್ಲಿ, ನಾನು ತೆಗೆಯುತ್ತೇನೆ ಎನ್ನುತ್ತಿದ್ದಳು. ಯಾಣದ ಬಂಡೆಯ ಮುಂದೆ ನಾನಿದ್ದೇನೆ, ನನ್ನನ್ನು ಹೆತ್ತ ಆಯಿ ಇದ್ದಾಳೆ, ಒಂದು ಮಂಗವೂ ಇದೆ. ನೇತ್ರಾ ಇಲ್ಲ. ಈಚೆಗೆ ಹೊನ್ನಾವರದಲ್ಲಿ ಅವಳ ಶಾಲೆಯ ಗೆಳತಿಯರೆಲ್ಲ ಸೇರುವುದೆಂದು ಗೊತ್ತಾದಾಗ ಹೋಗುತ್ತೀಯಾ ಎಂದು ಕೇಳಿದೆ. "ಹೋತೆ. ಫೋಟೋ ತೆಗೀಲಿಕ್ಕೆ ಅವರಿಗೂ ಒಬ್ರು ಬೇಕಲ್ಲ" ಎಂದಳು. ನಗುತ್ತಲೇ ಹೇಳಿದಳು. ಆರು ವರ್ಷ ತಡವಾಗಿ ನನಗೆ ಅರ್ಥವಾಯಿತು.

ಉಪಾಯ ಹೇಳಿದವಳು ಆ ಗೆಳತಿಯರಲ್ಲೇ ಒಬ್ಬಳಾದ ಭಟ್ಕಳದ ಫಾತಿಮಾ. ಮುಖಕ್ಕೆ ಹಚ್ಚುವ ಸೀರಮ್ಮನ್ನು ಅವಳು ಮನೆಯಲ್ಲೇ ಮಾಡಿಕೊಳ್ಳುತ್ತಾಳೆ. ನಯಾಸಿನಮೈಡ್ ಎಂಬ ಬಿಳಿ ಹುಡಿ ತರಿಸಿ ನೀರಲ್ಲಿ ಕರಗಿಸು, ಐದು ಪರ್ಸೆಂಟ್ ಇರಲಿ, ಮೇಲೆ ಹೋಗಬೇಡ ಎಂದು ಫೋನಿನಲ್ಲಿ ಮೂರು ಸಲ ಹೇಳಿದಳಂತೆ. ಪರ್ಸೆಂಟ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾನು ಸುಮ್ಮನಿರುವುದುಂಟೇ? ಚಿನ್ನ ತೂಗುವಂಥ ಪುಟ್ಟ ತಕ್ಕಡಿ ತರಿಸಿದೆ. ಐವತ್ತು ಗ್ರಾಂ ಸೀರಮ್ಮಿಗೆ ಎರಡೂವರೆ ಗ್ರಾಂ ಹುಡಿ. ಇಲ್ಲೇ ಅನೇಕರು ಎಡವುತ್ತಾರೆ; ಐವತ್ತು ಗ್ರಾಂ ನೀರಿಗೆ ಎರಡೂವರೆ ಗ್ರಾಂ ಹುಡಿ ಹಾಕಿಬಿಡುತ್ತಾರೆ. ಹಾಗಲ್ಲ, ಎಲ್ಲ ಸೇರಿ ಐವತ್ತಾಗಬೇಕು. ಹುಡಿಯನ್ನು ಕಳೆದು ಉಳಿದ ನಲವತ್ತೇಳೂವರೆಯೊಳಗೇ ನೀರೂ ಬರಬೇಕು, ಕೆಡದಂತೆ ಹಾಕುವ ಹನಿಗಳೂ ಬರಬೇಕು. ಇದನ್ನು ಆಯಿಗೂ ನೇತ್ರಾಳಿಗೂ ಅರ್ಧ ಗಂಟೆ ವಿವರಿಸಿದೆ. ಇಬ್ಬರೂ ತಲೆಯಾಡಿಸಿದರು. ಕೊನೆಯ ಬೆಂಚಿನವರು ತಲೆಯಾಡಿಸುವ ರೀತಿ ನನಗೆ ಚೆನ್ನಾಗಿ ಗೊತ್ತು, ಆಗಲೇ ಎಚ್ಚರವಾಗಬೇಕಿತ್ತು.

ಆ ಸಂಜೆಯೇ ಕಲಸಿ, ಬಾಟಲಿಯನ್ನೂ ಉಳಿದ ಹುಡಿಯ ಪೊಟ್ಟಣವನ್ನೂ ಅಡುಗೆಮನೆಯಲ್ಲಿಟ್ಟೆ. ಮರುದಿನ ಭಾನುವಾರ. ಹೊನ್ನಾವರದ ಭೇಟಿಗೆ ಇನ್ನು ಎಂಟು ದಿನ. ಬೆಳಿಗ್ಗೆ ಸ್ನಾನವಾದ ಮೇಲೆ ನೇತ್ರಾ ಹಚ್ಚಿಕೊಂಡಳು. ಐದು ನಿಮಿಷಕ್ಕೆ ಚುರುಚುರು ಎಂದಳು. ಹತ್ತು ನಿಮಿಷಕ್ಕೆ ಕನ್ನಡಿಯ ಮುಂದೆ ನಿಂತು, ಕೆಂಪಾದ ಕೆನ್ನೆಗಳನ್ನು ಅಂಗೈಗಳಲ್ಲಿ ಮುಚ್ಚಿಕೊಂಡಳು. ತೊಳೆಸಿ, ಡಾಕ್ಟರ ಹತ್ತಿರ ಕರೆದೊಯ್ದೆ. ಎಷ್ಟು ಪರ್ಸೆಂಟ್ ಇತ್ತು ಎಂದು ಅವರು ಕೇಳಿದಾಗ, ಸರಿಯಾಗಿ ಐದು ಎಂದು ಗಟ್ಟಿಯಾಗಿ ಹೇಳಿದೆ. ಅವರು ನನ್ನನ್ನು ಒಮ್ಮೆ ನೋಡಿ, ಅದನ್ನು ಇನ್ನು ಮುಟ್ಟಬೇಡಿ, ವಾರದಲ್ಲಿ ಕೆಂಪು ಇಳಿಯುತ್ತದೆ ಎಂದು ಒಂದು ಮುಲಾಮು ಬರೆದುಕೊಟ್ಟರು. ದಾರಿಯಲ್ಲಿ ನೇತ್ರಾ ಸೆರಗನ್ನು ಕೆನ್ನೆಯ ತನಕ ಎಳೆದುಕೊಂಡಿದ್ದಳು. ಹೊನ್ನಾವರಕ್ಕೆ ಹೋಗುವುದಿಲ್ಲ ಎಂದಳು.

ಮನೆಗೆ ಬಂದವನೇ ಲೆಕ್ಕವನ್ನು ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಐದೇ ಬಂತು. ಕೊನೆಗೆ ಹುಡಿಯ ಪೊಟ್ಟಣವನ್ನೇ ತೂಗಿದೆ. ತರಿಸಿದ್ದ ಇಪ್ಪತ್ತೈದು ಗ್ರಾಮಿನಲ್ಲಿ ಇಪ್ಪತ್ತೆರಡೂವರೆ ಉಳಿಯಬೇಕಿತ್ತು. ಇದ್ದದ್ದು ಹತ್ತೊಂಬತ್ತು ಪಾಯಿಂಟ್ ಆರು. ಅಂದರೆ ಬಾಟಲಿಯಲ್ಲಿದ್ದದ್ದು ಶೇಕಡಾ ಹತ್ತರ ಮೇಲೆ.

ಆಯಿ ಬಾಗಿಲ ಬಳಿಯೇ ನಿಂತಿದ್ದಳು. "ಅಷ್ಟೇ ಅಷ್ಟು ಹುಡಿಯಲ್ಲಿ ಆರು ವರ್ಷದ ಬಂಗು ಹೋಗ್ತದಾ ತಮಾ? ಒಂದು ಚಿಟಿಕೆ ಕೊಸರು ಹಾಕ್ದೆ" ಎಂದಳು.

ಆಯಿಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವಳು ಅಕ್ಕಿ ಅಳೆಯುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಸಿದ್ದೆ ತುಂಬಿದ ಮೇಲೆ ಇನ್ನೊಂದು ಹಿಡಿ ಹಾಕದಿದ್ದರೆ ಅವಳ ಕೈಗೆ ಸಮಾಧಾನವಿಲ್ಲ. ನಮ್ಮ ಪೇಟೆಯಲ್ಲಿ ಬಂಗಡೆ ಮೀನು ಮಾರುವ ಅಕ್ಕನೂ ಹನ್ನೆರಡು ಎಣಿಸಿ ಹದಿಮೂರನೆಯದನ್ನು ಹಾಕಿದ ಮೇಲೇ ಕೈ ಒರೆಸಿಕೊಳ್ಳುವುದು. ಅಳತೆಗೆ ಸರಿಯಾಗಿ ಕೊಟ್ಟರೆ ನಮ್ಮ ಕಡೆ ಅದು ಜಿಪುಣತನ. ಇನ್ನು ಮನೆಯ ಸೊಸೆಯ ಮುಖಕ್ಕೆ ಅಳೆದು ಕೊಡುವುದೆಂದರೆ?

ಅಷ್ಟರಲ್ಲಿ ನೇತ್ರಾಳೂ ಚಮಚದ ತುದಿಯಲ್ಲಿ ಒಂಚೂರು ಹಾಕಿದ್ದೆ ಎಂದಳು. ನಾನು ಇಬ್ಬರನ್ನೂ ತಕ್ಕಡಿಯ ಮುಂದೆ ಕೂರಿಸಿ, ಹಾಕಿದಷ್ಟನ್ನೇ ಮತ್ತೆ ತೆಗೆದು ತೋರಿಸಲು ಹೇಳಿದೆ. ಆಯಿಯದು ಪಾಯಿಂಟ್ ಎಂಟು ಗ್ರಾಂ. ನೇತ್ರಾಳದು ಒಂದು ಪಾಯಿಂಟ್ ಎರಡು. ಕೂಡಿಸಿದರೆ ಎರಡು. ಹೆಚ್ಚಾಗಿ ಹೋದದ್ದು ಎರಡು ಪಾಯಿಂಟ್ ಒಂಬತ್ತು.

ಇಬ್ಬರೂ ನನ್ನ ಮುಖ ನೋಡಿದರು.

"ಉಳಿದದ್ದು ಯಾರದು ಮಾಸ್ತರೇ?" ಎಂದಳು ನೇತ್ರಾ.

ತಕ್ಕಡಿ ಎರಡೂವರೆ ತೋರಿಸಿದಾಗ ಆ ಹುಡಿ ನಿಜವಾಗಿಯೂ ತೀರ ಕಡಿಮೆಯಾಗಿ ಕಂಡಿತ್ತು. ಯಾಣದ ಫೋಟೋ ನೆನಪಾಗಿತ್ತು. ಪೊಟ್ಟಣವನ್ನು ಇನ್ನೊಮ್ಮೆ ಬಾಗಿಸಿದ್ದೆ. ಅಷ್ಟೆ. ಅದನ್ನು ಪೂರ್ತಿ ಮರೆತೇ ಡಾಕ್ಟರಿಗೆ ಐದು ಎಂದಿದ್ದೆ ಎಂದು ಬರೆದರೆ ಅದೂ ಪೂರ್ತಿ ನಿಜವಾಗುವುದಿಲ್ಲ. ಒಪ್ಪಿಕೊಂಡೆ. ನೇತ್ರಾ ಬೆಳಗಿನಿಂದ ಮೊದಲ ಸಲ ನಕ್ಕಳು. ನಕ್ಕರೆ ಉರಿಯುತ್ತದೆ ಎಂದು ಕೆನ್ನೆ ಹಿಡಿದುಕೊಂಡೇ ನಕ್ಕಳು.

ಎಂಟು ದಿನದಲ್ಲಿ ಕೆಂಪು ಇಳಿಯಿತು. ಬಂಗು ಇದ್ದ ಹಾಗೇ ಇತ್ತು. ಆದರೂ ಅವಳು ಹೊನ್ನಾವರಕ್ಕೆ ಹೊರಟಳು; ಈ ಕತೆಯನ್ನು ಫಾತಿಮಾಳಿಗೆ ಎದುರಿಗೇ ಹೇಳಬೇಕಂತೆ. ಅಪರಾಧಿಯನ್ನು ತೋರಿಸಲು ನನ್ನನ್ನೂ ಕರೆದೊಯ್ದಳು. ನಾನು ಪೊಟ್ಟಣ ಬಾಗಿಸಿದ್ದನ್ನು ಅಭಿನಯಿಸಿ ತೋರಿಸಿದಾಗ ಫಾತಿಮಾ ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡಳು. ಫೋಟೋದ ಹೊತ್ತಿಗೆ ನೇತ್ರಾ ರೂಢಿಯಂತೆ ಮೊಬೈಲಿಗೆ ಕೈ ಚಾಚಿದಳು. "ನೀ ಎಂತಕ್ಕೆ? ಮಾಸ್ತರಿದ್ದಾರಲ್ಲ" ಎಂದು ಫಾತಿಮಾ ಅವಳನ್ನು ನಡುವಿಗೆ ಎಳೆದುಕೊಂಡಳು.

ನಾನು ತೆಗೆದೆ. ಆತು, ಒಂದು ಸಾಕು ಎಂದು ಎಲ್ಲರೂ ಚದುರತೊಡಗಿದರು. ನನ್ನ ಕೈ ನನ್ನ ಮಾತು ಕೇಳದೆ ಇನ್ನೊಂದು ತೆಗೆಯಿತು.

ಮನೆಗೆ ಬಂದು ನೋಡಿದರೆ, ಮೊದಲನೆಯದರಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದಾರೆ, ನೇತ್ರಾ ಕೆನ್ನೆಗೆ ಕೈ ಅಡ್ಡ ಹಿಡಿದಿದ್ದಾಳೆ. ಎರಡನೆಯದು ಸ್ವಲ್ಪ ಅಲುಗಿದೆ, ಒಬ್ಬರ ಬೆನ್ನು ಅಡ್ಡ ಬಂದಿದೆ, ನೇತ್ರಾಳ ಕೈ ಕೆಳಗಿದೆ. ಗೋಡೆಗೆ ಅದನ್ನೇ ಹಾಕಿದ್ದೇವೆ. ಶೇಕಡಾವಾರು ಪಾಠ ಮುಂದಿನ ವಾರ ಮತ್ತೆ ಬರುತ್ತದೆ. ಈ ಕೊಸರಿನ ಲೆಕ್ಕವನ್ನು ಮಕ್ಕಳಿಗೆ ಹೇಗೆ ಹೇಳುವುದೆಂದು ನನಗಿನ್ನೂ ಹೊಳೆದಿಲ್ಲ.