ಅಮೇಲಿಯಾ ಓಡಿಸಿದ ಜಲಾಂತರ್ಗಾಮಿ

ಎಲ್ಲಕ್ಕೂ ಮೂಲ ಒಂದು ಡಬ್ಬಿ ಬೂದು ಬಣ್ಣ.

ಜಸಿಂತೊ ಫುರ್ತಾದೊನ 'ಅಮೇಲಿಯಾ' ನ್ಯೂ ಬೆಡ್‌ಫರ್ಡ್ ಬಂದರಿನಲ್ಲಿ ಹಡಗುಗಳನ್ನು ಎಳೆದು ತರುವ ದೋಣಿ. ಗಿಡ್ಡ, ದಪ್ಪ, ಹೊಗೆ ಜಾಸ್ತಿ, ಬಲ ಅದಕ್ಕಿಂತ ಜಾಸ್ತಿ. ಅದರ ಕೆಂಪು ಹೊಗೆಕೊಳವೆಯ ತುದಿ ಕಂಡರೆ ಸಾಕು, ಇಡೀ ಬಂದರಿಗೆ ಗುರುತು ಸಿಗುತ್ತಿತ್ತು. 1917ನೇ ಇಸವಿಯಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಜರ್ಮನಿಯ ಜಲಾಂತರ್ಗಾಮಿಗಳಿಂದ ಕರಾವಳಿ ಕಾಯಲು ನೌಕಾಪಡೆಗೆ ದೋಣಿಗಳು ಸಾಲಲಿಲ್ಲ. ಕಲ್ಲಿದ್ದಲು ತುಂಬಿದ ದೋಣಿಗಳನ್ನು ಎಳೆದುಕೊಂಡು ತನ್ನ ಪಾಡಿಗೆ ತಾನಿದ್ದ ಅಮೇಲಿಯಾಳನ್ನು ಕರೆದೊಯ್ದರು. ಮೂತಿಯ ಮೇಲೊಂದು ಪುಟ್ಟ ಫಿರಂಗಿ ಕೂರಿಸಿ, ನೆತ್ತಿಯಿಂದ ನೀರಿನವರೆಗೆ ಬೂದು ಬಳಿದು, ಹೆಸರು ಅಳಿಸಿ ನಂಬರು ಬರೆದರು. ಮದುವೆಗೆ ಹೊರಟ ಅಜ್ಜಿಗೆ ಪೊಲೀಸ್ ಟೋಪಿ ಹಾಕಿದ ಹಾಗಾಯಿತು.

ದೋಣಿಯ ಜೊತೆ ಜಸಿಂತೊನೂ ನೌಕಾಪಡೆ ಸೇರಿದ. ಸಮವಸ್ತ್ರದ ಗುಂಡಿಗಳು ಅವನ ಹೊಟ್ಟೆಯ ಮೇಲೆ ಪ್ರಾಣ ಬಿಗಿಹಿಡಿದು ನಿಂತವು.

ಮೊದಲ ಕಾವಲಿನ ಬೆಳಗ್ಗೆ ಕಟ್ಟೆಯ ಮೇಲೆ ಕೇರಿಯ ಜನವೆಲ್ಲ ಸೇರಿತ್ತು. ಎದುರುಮನೆಯ ಫಿಲೊಮೇನಾ ಮುಂದೆ ನಿಂತಿದ್ದಳು. ಆಕೆಯ ಗಂಡುಮಕ್ಕಳೆಲ್ಲ ಮೀನುಗಾರರು.

"ಏನಪ್ಪಾ ಜಸಿಂತೊ, ಜರ್ಮನಿಯೋರನ್ನ ಹಿಡೀತೀಯೋ, ಇಲ್ಲ ಕಂಡ ತಕ್ಷಣ ಹಗ್ಗ ಕಟ್ಟಿ ಎಳ್ಕೊಂಡು ಬರ್ತೀಯೋ?"

"ಅಭ್ಯಾಸಬಲ, ಎಳ್ಕೊಂಡೇ ಬರ್ತಾರೆ" ಎಂದಳು ಹೆಂಡತಿ ದೆಲ್ಫಿನಾ. "ರೀ, ಸೂಪು ಡಬ್ಬೀಲಿದೆ, ಹುಷಾರು. ನನ್ನ ತಮ್ಮ ಲೂಕಸ್ ಆಗಿದ್ರೆ ನಂಗೆ ಚಿಂತೇನೇ ಇರ್ತಿರ್ಲಿಲ್ಲ."

ಜಸಿಂತೊ ಹಲ್ಲು ಕಚ್ಚಿದ. ಲೂಕಸನದೂ ಅಂಥದೇ ದೋಣಿ. ಅದನ್ನು ನೌಕಾಪಡೆ ಪಕ್ಕದ ಬಂದರಿಗೆ ಒಯ್ದು ತಿಂಗಳಾಗಿತ್ತು. ಮದುವೆಯಾದ ದಿನದಿಂದ ಈ ಬಾಮೈದನ ಧೈರ್ಯದ ಕತೆ ಕೇಳಿ ಕೇಳಿ ಅವನ ಕಿವಿ ಸವೆದುಹೋಗಿತ್ತು.

ಕೊಲ್ಲಿಯ ಬಾಯಿಗೆ ಬರುವಷ್ಟರಲ್ಲಿ ಮಂಜು ಕವಿಯಿತು. ಅಲ್ಲಿದ್ದ ದ್ವೀಪದ ಮಗ್ಗುಲಲ್ಲಿ ಏನೋ ಬೂದು ಬೂದಾಗಿ ಸರಿದು ಮಾಯವಾಯಿತು.

"ಬಾಲ್ತಜಾರ್, ಜಲಾಂತರ್ಗಾಮಿ" ಎಂದು ಜಸಿಂತೊ ಪಿಸುಗುಟ್ಟಿದ.

ಮುದಿ ಇಂಜಿನ್ ಮೇಸ್ತ್ರಿ ಬಾಲ್ತಜಾರ್ ತಲೆ ಹೊರಗೆ ಹಾಕಿದ. "ಹೊಗೆ ಬಿಡ್ತಿದೆಯಲ್ಲೋ. ಜಲಾಂತರ್ಗಾಮಿ ಹೊಗೆ ಬಿಡುತ್ತಾ?"

"ಜರ್ಮನಿಯೋರದ್ದು ಕಣೋ. ಏನು ಬೇಕಾದ್ರೂ ಬಿಡುತ್ತೆ. ಕಲ್ಲಿದ್ದಲು ಹಾಕು."

ಅಮೇಲಿಯಾ ಏದುಸಿರು ಬಿಡುತ್ತ ಅಟ್ಟಿಸಿಕೊಂಡು ಹೋಯಿತು. ಬೂದು ಆಕಾರ ದ್ವೀಪ ಸುತ್ತಿ ಓಡಿತು. ಇವರೂ ಸುತ್ತಿದರು. ಅದು ಇನ್ನೂ ಜೋರಾಗಿ ಓಡಿತು, ಇವರೂ ಓಡಿದರು. ಹೀಗೆ ಗಾಣದೆತ್ತಿನ ಹಾಗೆ ಸುತ್ತುತ್ತಿರುವಾಗ ಬಾಲ್ತಜಾರ್ ತಿರುಗಿ ನೋಡಿ, "ಅದೀಗ ನಮ್ಮ ಹಿಂದಿದೆ ಕಣೋ" ಎಂದ.

"ಹಾಗಾದ್ರೆ ಎರಡಿವೆ. ಹೊಡಿ ಗುಂಡು."

ಫಿರಂಗಿಯವನು ಅಯೋವಾದ ಜೋಳದ ಹೊಲದಿಂದ ನೇರ ಸಮುದ್ರಕ್ಕೆ ಬಂದವನು. ಕಣ್ಣು ಮುಚ್ಚಿ ಹೊಡೆದ. ಕಡಲಕಾಗೆಗಳು ಅರಚುತ್ತ ಎದ್ದವು. ಮರುಕ್ಷಣ ಮಂಜಿನೊಳಗಿಂದಲೂ ಢಮ್ ಎಂದಿತು. ಪಕ್ಕದಲ್ಲೇ ನೀರು ಕಂಬದಂತೆ ಚಿಮ್ಮಿತು, ದೋಣಿ ವಾಲಿತು, ದೆಲ್ಫಿನಾಳ ಸೂಪು ಎಲೆಕೋಸಿನ ಸಮೇತ ಜಸಿಂತೊನ ಸಮವಸ್ತ್ರದ ಮೇಲೆ ಇಳಿಯಿತು. ಅವನು ಅಜೋರ್ಸ್ ದ್ವೀಪದ ತನ್ನ ಹಳ್ಳಿಯಲ್ಲಿ ಕಲಿತ ಪೋರ್ಚುಗೀಸ್ ಬೈಗುಳವನ್ನೆಲ್ಲ ಮಂಜಿನತ್ತ ಸುರಿದ.

ಮಂಜು ಅದೇ ಭಾಷೆಯಲ್ಲಿ ತಿರುಗಿ ಕೇಳಿತು:

"ಯಾವನೋ ಅವನು, ನಮ್ಮ ಭಾವನ ಹಾಗೇ ಬೈತಿರೋನು?"

ಎರಡು ಬೂದು ದೋಣಿಗಳು ಅಕ್ಕಪಕ್ಕ ಬಂದವು. ಲೂಕಸನ ಟೋಪಿ ನೀರಿನಲ್ಲಿ ಹೋಗಿತ್ತು, ಮುಖ ಸುಣ್ಣವಾಗಿತ್ತು.

"ಭಾವ, ನೀವಾ? ಬೆಳಗ್ಗೆಯಿಂದ ನನ್ನ ಹಿಂದೆ ಬಿದ್ದಿದ್ದೀರಲ್ಲ."

"ನೀನೇ ಅಲ್ವೇನೋ ನನ್ನ ಹಿಂದೆ ಬಿದ್ದಿದ್ದು."

ಇಬ್ಬರೂ ಬಹಳ ಹೊತ್ತು ಮಾತಾಡಿ ಒಂದು ತೀರ್ಮಾನಕ್ಕೆ ಬಂದರು. ಮರ್ಯಾದೆ ಇಬ್ಬರದೂ ಒಂದೇ. ಯಾರು ಕೇಳಿದರೂ ತಿಮಿಂಗಿಲ ಅನ್ನುವುದು. ಎಲೆಕೋಸು ಮೆತ್ತಿದ ಕೈ ಮುಂದೆ ಚಾಚಿ ಜಸಿಂತೊ ಆಣೆ ಮಾಡಿದ, ಲೂಕಸನೂ ಮಾಡಿದ.

ಆದರೆ ಗುಂಡಿನ ಸದ್ದು ಊರು ಮುಟ್ಟಿಯಾಗಿತ್ತು. ಜಸಿಂತೊ ಕಟ್ಟೆಗೆ ಬಂದಾಗ, ತನ್ನ ಬಂದರಿಗೆ ಹೋಗದೆ ಮೊದಲೇ ಇಲ್ಲಿಗೆ ತಲುಪಿದ್ದ ಲೂಕಸ್ ಜನರ ನಡುವೆ ಎದೆ ಉಬ್ಬಿಸಿ ನಿಂತಿದ್ದ. ದೆಲ್ಫಿನಾ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನನ್ನ ತಮ್ಮ ಜಲಾಂತರ್ಗಾಮೀನ ಒಬ್ಬನೇ ಓಡಿಸ್ದ ಕಣ್ರೀ. ನೀವೆಲ್ಲಿದ್ರಿ?"

ಜಸಿಂತೊ ಬಾಮೈದನನ್ನು ನೋಡಿದ. ಬಾಮೈದ ಆಕಾಶ ನೋಡಿದ. ಅಷ್ಟರಲ್ಲಿ ನೌಕಾಪಡೆಯ ಕಮಾಂಡರ್ ಮುಂದೆ ಬಂದು, "ನಿಮ್ಮ ಕಾವಲೂ ಅಲ್ಲೇ ಇತ್ತಲ್ಲ. ಏನು ನೋಡಿದ್ರಿ?" ಎಂದು ಕೇಳಿದರು.

ತಿಮಿಂಗಿಲ ಎಂಬ ಮಾತು ಜಸಿಂತೊನ ನಾಲಗೆಯ ತುದಿಗೆ ಬಂದು, ಹೆಂಡತಿಯ ಮುಖ ಕಂಡು, ಹಿಂದಕ್ಕೆ ಹೋಯಿತು.

"ಜಲಾಂತರ್ಗಾಮೀನೇ ಸಾರ್. ಮೊದಲು ಕಂಡಿದ್ದು ನಾನು. ಮೊದಲ ಗುಂಡೂ ನಂದೇ."

ಜನ ಅವನನ್ನು ಹೆಗಲ ಮೇಲೆತ್ತಿದರು. ಇಬ್ಬರು ಹೊರಲಾರದೆ ನಾಲ್ವರು ಹೊತ್ತರು. ಯಾರೋ ವೈನ್ ತಂದರು, ಯಾರೋ ಸಿಹಿ ರೊಟ್ಟಿ ತಂದರು. ದೆಲ್ಫಿನಾ ಎಲ್ಲರೆದುರು ಗಂಡನ ಕೆನ್ನೆಗೆ ಮುತ್ತಿಟ್ಟು, "ಸೂಪು ಕುಡಿಯೋಕೂ ಬಿಡುವಾಗ್ಲಿಲ್ವೇ?" ಎಂದಳು. ಜಸಿಂತೊನಿಗೆ ಆ ಸಂಜೆ ಯುದ್ಧದಷ್ಟು ಒಳ್ಳೆಯದು ಬೇರಿಲ್ಲ ಅನ್ನಿಸಿತು.

ಆಗ ಕಮಾಂಡರ್ ಕೈಯೆತ್ತಿದರು. "ಒಬ್ಬರು ಹೇಳಿದ್ರೆ ನಾನು ನಂಬ್ತಿರ್ಲಿಲ್ಲ. ಇಬ್ಬರೂ ಹೇಳ್ತಿದ್ದಾರೆ. ಅದು ಸಿಗೋವರೆಗೆ ಕೊಲ್ಲೀಲಿ ಮೀನುಗಾರಿಕೆ ಬಂದ್. ಹುಡುಕೋ ಕೆಲಸ ಈ ಇಬ್ಬರು ಧೀರರದೇ. ಈಗಲೇ ಹೊರಡ್ಲಿ, ಹಿಡಿದ ಮೇಲೇ ಮನೆಗೆ ಬರ್ಲಿ."

ಹೊತ್ತಿದ್ದ ನಾಲ್ವರೂ ಮೀನುಗಾರರು. ಜಸಿಂತೊ ದೊಪ್ಪನೆ ನೆಲಕ್ಕೆ ಬಂದ.

"ಸಾರ್," ಅವನು ಎದ್ದು ಬೆವರೊರೆಸಿಕೊಂಡ, "ಅಲ್ಲಿ ಏನೂ ಇರ್ಲಿಲ್ಲ ಸಾರ್. ನಾವಿಬ್ರೇ ಒಬ್ರನ್ನೊಬ್ರು ಅಟ್ಟಿಸ್ಕೊಂಡು ಹೋಗಿದ್ದು. ಲೂಕಸ್, ಹೇಳೋ."

ಲೂಕಸ್ ಹೌದೆಂದು ತಲೆಯಾಡಿಸಿದ.

ಕಮಾಂಡರರ ಕಣ್ಣು ತುಂಬಿ ಬಂತು. ಜನರತ್ತ ತಿರುಗಿ, "ನೋಡಿ, ನೀವು ಹೆದರಬಾರದು ಅಂತ ತಮ್ಮನ್ನೇ ಪೆದ್ದರು ಮಾಡ್ಕೊಳ್ತಿದ್ದಾರೆ. ಇದು ದೊಡ್ಡತನ" ಎಂದರು.

ಫಿಲೊಮೇನಾ ಸೊಂಟದ ಮೇಲೆ ಕೈಯಿಟ್ಟು ಜಸಿಂತೊನ ಮುಂದೆ ಬಂದು ನಿಂತಳು.

"ಹೋಗಿ ಬಾಪ್ಪ ಧೀರ. ನಿಧಾನವಾಗೇ ಹುಡುಕು, ಅವಸರ ಇಲ್ಲ. ಅಲ್ಲೀವರೆಗೆ ನನ್ನ ಮಕ್ಕಳ ಊಟ ತಿಂಡಿ ಎಲ್ಲ ನಿನ್ನ ಮನೇಲೇ."