ಕುರ್ಚಿ ಜೋಡಿಸುವವನ ಕುರ್ಚಿ

ಬೋಲ್ಟಣ್ಣನ ಆ ದಿನದ ಫಜೀತಿಗೆಲ್ಲ ಮೂಲ ಒಂದು ಖಾಲಿ ಕುರ್ಚಿ. ಅವನೇ ಜೋಡಿಸಿದ್ದು, ಅವನೇ ಬೋಲ್ಟು ಬಿಗಿದದ್ದು. ಅದರಲ್ಲಿ ಕೂರಬೇಕಾಗಿದ್ದ ಮನುಷ್ಯ ಬರಲಿಲ್ಲ, ಅಷ್ಟೇ.

ಬೋಲ್ಟಣ್ಣ ಅನ್ನುವುದು ಅವನಿದ್ದ ಕಟ್ಟಡದವರು ಇಟ್ಟ ಹೆಸರು. ದುಡಿಯುತ್ತಿದ್ದ ಪೀಠೋಪಕರಣದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅವನು ಒಂದು ಆ್ಯಪಿನಲ್ಲಿ ಹೆಸರು ನೋಂದಾಯಿಸಿಕೊಂಡಿದ್ದ. ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಕುರ್ಚಿ, ಮೇಜು, ಮಂಚಗಳನ್ನು ಕೊಂಡವರ ಮನೆಗೇ ಹೋಗಿ ಜೋಡಿಸಿಕೊಡುವ ಕೆಲಸ. ಫೋನು ಟಿಣ್ ಅಂದರೆ ಉಂಟು, ಇಲ್ಲದಿದ್ದರೆ ಇಲ್ಲ.

"ಇದು ಬರೀ ಮೆಟ್ಟಿಲು ಕಣೇ. ಇದನ್ನ ಹತ್ತಿ ಖಾಯಂ ಕೆಲಸಕ್ಕೆ ಹೋಗೋದು" ಎಂದು ಹೆಂಡತಿಗೆ ಹೇಳುತ್ತಲೇ ಇದ್ದ.

"ಹತ್ತೋ ಲಕ್ಷಣ ಕಾಣ್ತಿಲ್ಲ. ನೀವು ಮೆಟ್ಟಿಲ ಮೇಲೇ ಹಾಸಿಗೆ ಹಾಸ್ಕೊಂಡಿದೀರಿ" ಎನ್ನುತ್ತಿದ್ದಳು ಅವಳು. ಕೋಪದಿಂದೇನಲ್ಲ. ತಿಂಗಳ ಕೊನೆಯಲ್ಲಿ ಮಾತ್ರ ಆ ಮಾತಿಗೆ ಸ್ವಲ್ಪ ಮೊನೆ ಬರುತ್ತಿತ್ತು.

ಆ ಬೆಳಿಗ್ಗೆ ಫೋನು ಅವನನ್ನು ಕಳಿಸಿದ್ದು ಹೊಸ ಆಫೀಸೊಂದಕ್ಕೆ. ಗೋಡೆಯ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಮ್ಯಾನೇಜರು ಕಟ್ಟಿದ್ದ ಟೈ, ಅವರಿಗಿಂತ ಮೊದಲೇ ಎಲ್ಲಿಗೋ ಹೊರಟಂತೆ ಭುಜದ ಮೇಲೆ ಹಾರಿ ಕೂತಿತ್ತು. ಬೋಲ್ಟಣ್ಣ ಒಂದೊಂದು ಕುರ್ಚಿ ಮುಗಿಸಿದ ಹಾಗೆಲ್ಲ ಒಬ್ಬೊಬ್ಬರು ಬಂದು, ಊಟದ ಎಲೆ ಹಾಕುವುದನ್ನೇ ಕಾಯುತ್ತಿದ್ದವರ ಹಾಗೆ, ಕೂತುಬಿಡುತ್ತಿದ್ದರು. ಕೊನೆಗೆ ಒಂದು ಕುರ್ಚಿ ಉಳಿಯಿತು.

ಮ್ಯಾನೇಜರು ಗಡಿಯಾರ ನೋಡಿದರು, ಬಾಗಿಲು ನೋಡಿದರು, ಆಮೇಲೆ ಮೇಜಿನಡಿಯಿಂದ ತೆವಳಿಕೊಂಡು ಹೊರಬರುತ್ತಿದ್ದ ಬೋಲ್ಟಣ್ಣನನ್ನು ನೋಡಿದರು.

"ನೀವು ಕೂತ್ಕೊಂಡುಬಿಡಿ."

"ನಾನಾ ಸರ್?"

"ದುಡ್ಡು ಹಾಕೋ ದೊಡ್ಡವರು ಬರ್ತಿದಾರೆ. ಖಾಲಿ ಕುರ್ಚಿ ಅವರ ಕಣ್ಣಿಗೆ ಬೀಳಬಾರದು. ತಗೊಳ್ಳಿ, ಈ ಟೈ ಕಟ್ಕೊಳ್ಳಿ."

"ಏನು ಮಾಡ್ಬೇಕು?"

"ಏನೂ ಮಾಡ್ಬಾರ್ದು. ಕಂಪ್ಯೂಟರ್ ನೋಡ್ತಾ ಹುಬ್ಬು ಗಂಟಿಕ್ಕಿ. ಮಧ್ಯೆ ಮಧ್ಯೆ ತಲೆ ಆಡಿಸಿ."

"ಇದು ಆನ್ ಆಗೇ ಇಲ್ಲ ಸರ್."

"ಅದಕ್ಕೇ ಹುಬ್ಬು ಗಂಟಿಕ್ಕಿ ಅಂದಿದ್ದು."

ಬೋಲ್ಟಣ್ಣ ಕೂತ. ಕೂತ ಮೇಲೆ ಒಂದು ಅನುಮಾನ ಎದ್ದಿತು. "ನಮ್ಮ ಕಂಪನಿ ಏನು ಮಾಡುತ್ತೆ ಅಂತ ಕೇಳಿದ್ರೆ?"

ಮ್ಯಾನೇಜರು ದನಿ ತಗ್ಗಿಸಿದರು. "ಅದಿನ್ನೂ ಪೂರ್ತಿ ತೀರ್ಮಾನ ಆಗಿಲ್ಲ. ನೀವು ಸುಮ್ನೆ ಕೂತಿರಿ. ಎಲ್ಲಾ ಸರಿಯಾಗಿ ನಡೆದ್ರೆ ನಿಮ್ಮ ವಿಷಯಾನೂ ನೋಡೋಣ. ಖಾಯಂ."

ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ಬೋಲ್ಟಣ್ಣನ ಬೆನ್ನು ತಾನಾಗಿ ನೆಟ್ಟಗಾಯಿತು.

ದೊಡ್ಡವರು ಬಂದರು. ಬೆಳ್ಳಿ ಕೂದಲು, ಕಪ್ಪು ಕೋಟು. ದನಿಯಂತೂ ಹೇಗಿತ್ತೆಂದರೆ, "ನಮಸ್ಕಾರ" ಎಂದದ್ದಕ್ಕೇ ಮೂವರು ಎದ್ದು ನಿಂತರು. ಎಲ್ಲರನ್ನೂ ದಾಟಿಕೊಂಡು ಬಂದವರು ಸರಿಯಾಗಿ ಬೋಲ್ಟಣ್ಣನ ಮುಂದೆಯೇ ನಿಲ್ಲಬೇಕೆ!

"ನಿಮ್ಮ ಕೆಲಸ ಏನು?"

ಬೋಲ್ಟಣ್ಣ ತಲೆ ಆಡಿಸಿದ. ಅವರು ಕಾದರು. ಇನ್ನೊಮ್ಮೆ ಆಡಿಸಿದ. ಅವರು ಇನ್ನೂ ಕಾದರು. "ಬಿಗಿ ಮಾಡೋದು ಸರ್" ಎಂದು ನಿಜವೇ ಬಾಯಿಗೆ ಬಂದುಬಿಟ್ಟಿತು.

"ಏನನ್ನ?"

"ಸಡಿಲ ಆದದ್ದನ್ನೆಲ್ಲಾ."

ಹಿಂದೆ ನಿಂತಿದ್ದ ಮ್ಯಾನೇಜರ ಮುಖ ಸುಣ್ಣವಾಯಿತು. ಆದರೆ ಬೋಲ್ಟಣ್ಣನಿಗೆ ನಿಲ್ಲಿಸಲಾಗಲಿಲ್ಲ. ಎಷ್ಟೋ ದಿನದಿಂದ ಬಸ್ಸಿನ ಕಿಟಕಿಗೆ ತಲೆಯಾನಿಸಿ ತನ್ನೊಳಗೇ ಆಡಿಕೊಂಡಿದ್ದ ಮಾತು. ಹೆಂಡತಿಗೂ ಹೇಳಿರಲಿಲ್ಲ, ನಗುತ್ತಾಳೆಂದು.

"ಎಂಥಾ ಕುರ್ಚೀನೇ ಆಗ್ಲಿ ಸರ್, ಕೆಲವು ತಿಂಗಳಲ್ಲಿ ಕಿರುಗುಟ್ಟೋಕೆ ಶುರು ಮಾಡುತ್ತೆ. ಜನ ಸಹಿಸ್ಕೋತಾರೆ, ಇಲ್ಲಾ ಬಿಸಾಕ್ತಾರೆ. ಅದಕ್ಕೆ ಬೇಕಾಗಿರೋದು ಎರಡು ಸುತ್ತು ತಿರುಗಿಸೋದು, ಅಷ್ಟೇ. ಒಂದು ಆಫೀಸಿನ ಜೊತೆ ವರ್ಷದ ಒಪ್ಪಂದ ಮಾಡ್ಕೊಂಡು ತಿಂಗಳಿಗೊಂದ್ಸಲ ಹೋಗಿ ಎಲ್ಲಾ ಬಿಗಿ ಮಾಡಿ ಬರೋದು. ಆಮೇಲೆ ಇನ್ನೊಂದು ಆಫೀಸು. ಇಂಥ ಒಂದಷ್ಟು ಕಡೆ ಆದ್ರೆ, ನಾಳೆ ಕೆಲಸ ಇದೆಯೋ ಇಲ್ವೋ ಅಂತ ರಾತ್ರಿ ಮಗ್ಗುಲು ಬದಲಿಸೋದು ತಪ್ಪುತ್ತೆ."

ಮ್ಯಾನೇಜರು ಅಂಗೈ ಮೇಲೆ ಪೆನ್ನಿನಿಂದ ಏನೋ ಗೀಚಿಕೊಳ್ಳುತ್ತಿದ್ದರು. ದೊಡ್ಡವರು ಬೋಲ್ಟಣ್ಣನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೆಗಲ ಮೇಲೆ ಕೈಯಿಟ್ಟರು.

"ನಾಳೆಯಿಂದ ನಮ್ಮ ಎಲ್ಲಾ ಆಫೀಸುಗಳ ಕುರ್ಚಿ-ಮೇಜಿನ ಉಸ್ತುವಾರಿ ನಿಮ್ಮದು. ಖಾಯಂ ಕೆಲಸ, ತಿಂಗಳ ಸಂಬಳ. ಇನ್ನು ನಿಶ್ಚಿಂತೆಯಾಗಿರಿ."

ಬೋಲ್ಟಣ್ಣ ಹೊರಗಿನ ಮೆಟ್ಟಿಲಿಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಹೆಂಡತಿಗೆ ಫೋನು ಮಾಡಿದ. "ಇನ್ನೊಂದ್ಸಲ ಹೇಳಿ" ಎಂದಳು. ಹೇಳಿದ. ಆಮೇಲೆ ಅವಳು ಹಾಕಿದ ಕೂಗು ಫೋನಿಲ್ಲದೆಯೂ ಕೇಳಿಸುವಂತಿತ್ತು.

ಕೂಗು ಕಟ್ಟಡವೆಲ್ಲ ಹಬ್ಬಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೆಳಮನೆಯ ನಿವೃತ್ತ ಮೇಷ್ಟ್ರು ಫೋನು ಮಾಡಿದರು. "ಭೇಷ್ ಕಣಯ್ಯಾ! ನಮ್ಮಕ್ಕನ ಮಗ ಒಬ್ಬ ಇದಾನೆ, ನಿನ್ನ ಕೈ ಕೆಳಗೆ ಸೇರಿಸ್ಕೋ. ಸೋಮಾರಿ, ಆದ್ರೆ ಒಳ್ಳೆಯವನು." ಮೇಲಿನ ಮನೆ ಅಕ್ಕ ಇನ್ನೂ ಮುಂದೆ ಹೋದರು. "ದೊಡ್ಡ ಮನುಷ್ಯರಾಗಿಬಿಟ್ರಿ. ನಮ್ಮ ಸೋಫಾ ಕಾಲು ಅಲ್ಲಾಡ್ತಿದೆ ಅಂತ ಇನ್ನು ನಿಮಗೆ ಹೇಳೋದು ಹೇಗಪ್ಪಾ! ಆದ್ರೂ ಹೇಳಿದೀನಿ ನೋಡಿ."

ಈ ನಡುವೆ ಮಧ್ಯಾಹ್ನದ ಗಿರಾಕಿ ಹೆಂಗಸಿನ ಫೋನು. "ಎಲ್ರೀ ಇದೀರಾ? ಮಂಚ ಬಿಚ್ಚಿಟ್ಕೊಂಡು ಕೂತಿದೀವಿ!"

"ಕ್ಷಮಿಸಿ ಅಮ್ಮಾ. ನಾನೀಗ ಖಾಯಂ ಆದೆ."

"ನೀವು ಖಾಯಂ ಆದ್ರೆ ನಾವು ನೆಲದ ಮೇಲೆ ಮಲಗ್ಬೇಕಾ?"

ಅವನಿಗೆ ಪಾಪ ಅನ್ನಿಸಿತು. ಆದರೂ ಆ ಕೆಲಸವನ್ನು ರದ್ದು ಮಾಡಿದ. ಕೈ ಹೇಗೂ ಆಡುತ್ತಿತ್ತಲ್ಲ, ಆ್ಯಪಿನ ಖಾತೆಯನ್ನೇ ಮುಚ್ಚಿಬಿಟ್ಟ. ಗಿರಾಕಿಗಳ ಮನೆಯಲ್ಲಿ ಬೆವರು ಹರಿಸಿ ಒಂದೊಂದಾಗಿ ಕೂಡಿಸಿದ್ದ ಸ್ಟಾರುಗಳೆಲ್ಲ ಒಂದು ಬೆರಳೊತ್ತಿಗೆ ಆರಿಹೋದವು. ಅವನು ಸೀಟಿ ಹೊಡೆಯುತ್ತ ಒಳಗೆ ಬಂದ.

ಒಳಗೆ ದೊಡ್ಡವರು ಕೋಟು ಬಿಚ್ಚಿ ಮ್ಯಾನೇಜರ ಕೈಗೆ ಕೊಡುತ್ತಿದ್ದರು. ಒಳಗಿನ ಅಂಗಿಯ ಕಾಲರು ಸವೆದು ತಿರುವಿ ಹೊಲಿದದ್ದು.

"ಬಹಳ ಚೆನ್ನಾಗಿ ಬಂತು!" ಮ್ಯಾನೇಜರು ಚಪ್ಪಾಳೆ ತಟ್ಟಿದರು. "ನಾಳೆ ನಿಜವಾದ ದುಡ್ಡಿನವರು ಬಂದಾಗ ಎಲ್ಲರೂ ಹೀಗೇ ಇರಿ. ರಿಹರ್ಸಲ್ ಮುಗೀತು."

"ರಿಹರ್ಸಲ್ಲಾ?" ಎಂದ ಬೋಲ್ಟಣ್ಣ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

"ಬೆಳಿಗ್ಗೆ ಎಲ್ಲರಿಗೂ ಹೇಳಿದ್ನಲ್ಲಾ. ಓ, ನೀವಾಗ ಮೇಜಿನ ಕೆಳಗಿದ್ರಿ. ಇವರನ್ನ ಇವತ್ತೊಂದು ದಿನಕ್ಕೆ ಕರೆಸಿದ್ದು. ಇಲ್ಲಿ ಕೂತವರೂ ಎಲ್ಲಾ ಹಾಗೇ, ನಾಳೆವರೆಗೆ." ಅವರು ಅಂಗೈ ನೋಡಿಕೊಂಡು ಮುಖವರಳಿಸಿದರು. "ಅದಿರ್ಲಿ, ನಿಮ್ಮ ಯೋಚನೆ ಅದ್ಭುತ. ನಮ್ಮ ಕಂಪನಿ ಏನು ಮಾಡುತ್ತೆ ಅಂತ ಈಗ ನಂಗೂ ಗೊತ್ತಾಯ್ತು! ಒಂದು ಆ್ಯಪ್ ಮಾಡ್ತೀವಿ. ಕುರ್ಚಿ ಕಿರುಗುಟ್ಟಿತೋ, ಗಿರಾಕಿ ಒತ್ತಿದ, ನೀವು ಹೋದ್ರಿ. ಮೊದಲನೇ ಹೆಸರು ನಿಮ್ಮದೇ."

"ತಿಂಗಳ ಸಂಬಳಾನಾ ಸರ್?"

"ಛೆ ಛೆ. ಕುರ್ಚಿಗಿಷ್ಟು ಅಂತ."

ಬೋಲ್ಟಣ್ಣ ಟೈ ಬಿಚ್ಚಲು ಹೋದ. ಅದು ಇನ್ನಷ್ಟು ಬಿಗಿಯಿತು. ಮ್ಯಾನೇಜರೇ ಬಂದು ಬಿಡಿಸಿಕೊಂಡರು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬೆಳ್ಳಿ ಕೂದಲಿನ ಆ ಹಿರಿಯರು ಒಬ್ಬರೇ ಕೂತಿದ್ದರು. ಕೋಟಿಲ್ಲದೆ ಅರ್ಧ ಆಗಿಹೋಗಿದ್ದರು. ಬೋಲ್ಟಣ್ಣ ನೇರ ಅವರ ಮುಂದೆ ಹೋಗಿ ನಿಂತ.

"ನೀವು ಮಾಡಿದ್ದು ಸರೀನಾ? ನಾನು ಇದ್ದ ಕೆಲಸಾನೂ ಬಿಟ್ಟೆ."

ಅವರು ಬೆಚ್ಚಿದರು. "ಅಯ್ಯೋ. ನಿಮಗೆ ಗೊತ್ತಿರಲಿಲ್ವಾ? ನೀವೂ ನಾಟಕಾನೇ ಆಡ್ತಿದೀರಿ ಅಂದ್ಕೊಂಡೆ. ಎಷ್ಟು ಚೆನ್ನಾಗಿ ಆಡ್ತಾರಪ್ಪಾ ಅಂದ್ಕೊಂಡೆ."

"ಖಾಯಂ ಮಾಡ್ತೀನಿ ಅಂತ ಹೇಳೋಕೆ ಬರ್ಕೊಟ್ಟಿದ್ರಾ ನಿಮಗೆ?"

"ಇಲ್ಲ." ಅವರು ಜಾಗ ಮಾಡಿಕೊಟ್ಟರು. ಬೋಲ್ಟಣ್ಣ ಕೂತ. "'ಬಹಳ ಸಂತೋಷ' ಅಂತಷ್ಟೇ ಇತ್ತು. ನಾನು ಇದೇ ಊರಿನ ದೊಡ್ಡ ನಿಲ್ದಾಣದಲ್ಲಿ ಮೈಕಿನಲ್ಲಿ ಬಸ್ಸುಗಳ ಹೊತ್ತು ಕೂಗ್ತಿದ್ದೆ. ದಿನಗೂಲಿ. ಮುಂದಿನ ವರ್ಷ ಖಾಯಂ ಮಾಡ್ತೀವಿ ಅಂತಿದ್ರು. ಪ್ರತಿ ವರ್ಷ ಮುಂದಿನ ವರ್ಷ. ಆಮೇಲೆ ಮೆಷೀನು ಬಂತು. ಇವತ್ತು ನಿಮ್ಮ ಮುಖ ನೋಡಿದಾಗ... ಯಾರಾದ್ರೂ ನನಗೆ ಹೇಳ್ಲಿ ಅಂತ ಕಾದ ಮಾತು ಅದು. ಒಂದು ಗಳಿಗೆ ನಾನೇ ಹೇಳೋ ಹಾಗಾಯ್ತಲ್ಲ, ತಡ್ಕೊಳ್ಳೋಕಾಗ್ಲಿಲ್ಲ. ಹೇಳೋಕೆ ಎಷ್ಟು ಸುಲಭ ಗೊತ್ತಾ? ಅವರು ಯಾಕೆ ಹೇಳ್ಲಿಲ್ವೋ."

ಬೋಲ್ಟಣ್ಣನಿಗೆ ಬೈಯಬೇಕೆನ್ನಿಸಿತು. "ದನಿ ಮಾತ್ರ ಚೆನ್ನಾಗಿದೆ ನಿಮ್ದು" ಎಂದ ಕೊನೆಗೆ.

ಹೆಂಡತಿಯ ಫೋನು ಬಂತು. ಹಿಂದೆ ನಗು, ಲೋಟಗಳ ಸದ್ದು, ಮೇಷ್ಟ್ರ ಭಾಷಣ.

"ರೀ, ಎಲ್ಲಿದೀರಾ? ಇಡೀ ಕಟ್ಟಡಾನೇ ನಮ್ಮನೇಲಿದೆ!"

"ಸ್ವಲ್ಪ ಅಡುಗೆಮನೆಗೆ ಹೋಗಿ ಬಾಗಿಲು ಹಾಕ್ಕೋ" ಎಂದ. ಬಾಗಿಲು ಹಾಕಿದ ಸದ್ದು ಕೇಳಿತು. ಖಾತೆ ಮುಚ್ಚಿದ್ದನ್ನೂ ಬಿಡದೆ ಎಲ್ಲವನ್ನೂ ಹೇಳಿದ. ಕುರ್ಚಿ ಬಿಗಿ ಮಾಡುವ ಯೋಚನೆಯನ್ನೂ ಹೇಳಿದ. ಅವಳು ನಗಲಿಲ್ಲ.

ತೊಟ್ಟಿಕ್ಕುತ್ತಿದ್ದ ಅಡುಗೆಮನೆಯ ನಲ್ಲಿಯನ್ನು ಅವಳು ತಿರುಗಿಸಿ ನಿಲ್ಲಿಸಿದ್ದು ಫೋನಿನಲ್ಲಿ ಕೇಳಿಸಿತು.

"ಆ ಯೋಚನೇನ ನನ್ನ ಹತ್ರ ಯಾಕೆ ಹೇಳ್ಲಿಲ್ಲ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. "ಈಗ್ಲೇ ಬರ್ಬೇಡಿ. ಸ್ವಲ್ಪ ತಡವಾಗಿ ಬನ್ನಿ."

"ಯಾಕೆ?"

"ಇವರೆಲ್ಲಾ ಎಷ್ಟು ಖುಷಿಯಾಗಿದಾರೆ ಗೊತ್ತಾ? ನಾನೂ ಹೊರಗೆ ಹೋಗಿ ಇನ್ನೊಂಚೂರು ಹೊತ್ತು ಖುಷಿಯಾಗಿರ್ತೀನಿ. ಆಮೇಲೆ ಇಬ್ರೂ ಸೇರಿ ಹೇಳೋಣ."

ಬೋಲ್ಟಣ್ಣ ಫೋನು ಜೇಬಿಗಿಟ್ಟ. ಅವನ ಮನೆ ಕಡೆಯ ಬಸ್ಸು ಬಂದು ನಿಂತಿತು. ಹತ್ತುತ್ತೀರಾ ಎಂದು ಕಂಡಕ್ಟರು ಕಣ್ಣಲ್ಲೇ ಕೇಳಿದ. ಬೋಲ್ಟಣ್ಣ ಬೆಂಚಿಗೆ ಒರಗಿಕೊಂಡು, ಹೋಗಲಿ ಎಂದು ಕೈ ಬೀಸಿದ.